ಬಿಳಿ ಕೋಟಿನ ಸಿಪಾಯಿ

ನೇತ್ರಾವತಿಯ ದಂಡೆಯಲ್ಲಿ ಅಮ್ಮನ್ನ ಎಂಬ ಗುರುಗಳ ಆಶ್ರಮ. ಆಶ್ರಮವೆಂದರೆ ಒಂದು ಹೆಂಚಿನ ಮನೆ, ಒಂದು ಜಗಲಿ, ಜಗಲಿಯ ಮೇಲೊಂದು ಚಾಪೆ. ಅಷ್ಟೇ.

ಅಲ್ಲಿ ಕಲಿಸುತ್ತಿದ್ದ ವಿದ್ಯೆ ಯಾವುದೆಂದು ಕೇಳಿದರೆ ನೀವು ನಕ್ಕೀರಿ. ಹಳೆಯ ಕಾಲದ ಜರ್ಮನ್ ಸಿಪಾಯಿಗಳ ಫೋಟೋ ನೋಡಿ, ಉಡುಪಿನಿಂದಲೇ ಇವನು ಯಾವ ಸೀಮೆಯವನು, ಯಾವ ದಳದವನು ಎಂದು ಹೇಳುವುದು. ಇದರಿಂದ ಮೋಕ್ಷ ಸಿಗುತ್ತದೆಯೇ ಎಂದು ಕೇಳಿದವರಿಗೆ ಗುರುಗಳು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು.

ಜರ್ಮನ್ ಪಾದ್ರಿಗಳು ಬಿಟ್ಟುಹೋದ ಪುಸ್ತಕಗಳ ನಡುವೆ ಬೆಳೆದವರು ಅವರು. ಅಜ್ಜ ಯಾರೆಂದು ಸರಿಯಾಗಿ ತಿಳಿಯದ ಮೊಮ್ಮಕ್ಕಳು ಎಲ್ಲೆಲ್ಲಿಂದಲೋ ಅವರಿಗೆ ಫೋಟೋ ಕಳಿಸುತ್ತಿದ್ದರು.

ಶಿಷ್ಯ ಒಬ್ಬನೇ. ಕಾರ್ಕಳದ ಕಡೆಯ ಪದ್ಮರಾಜ ಇಂದ್ರ, ಬಸದಿಯ ಪುರೋಹಿತರ ಮಗ. ಬುದ್ಧಿಯೇನೋ ಇತ್ತು. ಆದರೆ ಬಾಯಿ ಯಾವಾಗಲೂ ಬುದ್ಧಿಗಿಂತ ಮುಂದೆ ಓಡುತ್ತಿತ್ತು.

ಬಂದ ಹೊಸತರಲ್ಲಿ ಗುರುಗಳು ಒಂದು ಫೋಟೋ ಮುಂದಿಟ್ಟರು. ಹುರಿಮೀಸೆ, ಕೆಂಡದಂಥ ಕಣ್ಣು.

"ಯಾರಿವ?"

"ಸೇನಾಪತಿ, ಗುರುಗಳೇ. ಕಣ್ಣು ನೋಡಿದರೇ ಗೊತ್ತಾಗುತ್ತದೆ."

"ಹೆಗಲು ನೋಡು."

ಎರಡೂ ಹೆಗಲಿನ ಮೇಲೆ ಪಟ್ಟೆಪಟ್ಟೆಯ ಅರ್ಧಚಂದ್ರ ಹೊಲಿದಿತ್ತು.

"ಅದು ವಾದ್ಯದವರ ಗುರುತು. ಇವ ಸೇನಾಪತಿ ಅಲ್ಲ ಮಾರಾಯ, ಓಲಗ ಊದುವವ."

ಅಂದಿನಿಂದ ಗುರುಗಳು ಒಂದು ಪದ್ಧತಿ ಹಿಡಿದರು. ಫೋಟೋ ಕೊಡುವ ಮೊದಲು ಮುಖದ ಮೇಲೊಂದು ಹುಣಸೆ ಬೀಜ ಇಡುವುದು. ಟೋಪಿ, ಕಾಲರು, ಹೆಗಲು, ತೋಳು, ಗುಂಡಿ ಎಂದು ಮೇಲಿಂದ ಕೆಳಗೆ ಓದಬೇಕು. ಓದಿ ಮುಗಿದ ಮೇಲೆ ಬೀಜ ಎತ್ತಬಹುದು.

ಪದ್ಮರಾಜನಿಗೆ ಇದು ಸುತರಾಂ ಹಿಡಿಸಲಿಲ್ಲ.

"ಮನುಷ್ಯನನ್ನು ಬಿಟ್ಟು ಗುಂಡಿ ನೋಡುವುದು ಯಾವ ನ್ಯಾಯ, ಗುರುಗಳೇ?"

"ಮುಖ ನೋಡಿದರೆ ನಿನಗೆ ಬೇಕಾದ ಕಥೆ ಕಾಣ್ತದೆ. ಗುಂಡಿ ನೋಡು."

ಇನ್ನೊಂದು ಪಾಠವನ್ನೂ ಅವರು ಬಿಡದೆ ಹೇಳಿಸುತ್ತಿದ್ದರು. ಆ ಕಾಲದಲ್ಲಿ ಫೋಟೋ ಮೂಡಿಸುತ್ತಿದ್ದ ಗಾಜಿಗೆ ಬಣ್ಣ ಸರಿಯಾಗಿ ತಿಳಿಯದು. ಕೆಂಪು ಕಪ್ಪಾಗುತ್ತದೆ. ತಿಳಿನೀಲಿ ಬಿಳಿಯಾಗುತ್ತದೆ. ಪದ್ಮರಾಜ ಅದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ, ಒಪ್ಪಿಸಿ ಮರೆಯುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಮಂಗಳೂರಿನಿಂದ ಸಲೋಮಿ ಟೀಚರ್ ಬಂದರು. ತಲೆ ಪೂರ್ತಿ ನರೆತಿತ್ತು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಊರಿಗೆಲ್ಲ ಟೀಚರೇ.

ಸೆರಗಿನಲ್ಲಿ ಸುತ್ತಿ ತಂದಿದ್ದ ಫೋಟೋವನ್ನು ಚಾಪೆಯ ಮೇಲಿಟ್ಟರು.

"ಇವರು ನನ್ನ ಅಜ್ಜ, ಗೊಟ್‌ಲೀಬ್. ಹೆಂಚಿನ ಕಾರ್ಖಾನೆಗೆ ಅಂತ ಜರ್ಮನಿಯಿಂದ ಬಂದವರು. ಇಲ್ಲೇ ನನ್ನ ಅಜ್ಜಿ ಮಾರ್ತಳನ್ನು ಇಗರ್ಜಿಯಲ್ಲಿ ಮದುವೆಯಾದರು. ತಾಯಿಯನ್ನು ನೋಡಿ ಬರ್ತೇನೆ ಅಂತ ಊರಿಗೆ ಹೋದರು. ಅಷ್ಟರಲ್ಲಿ ಯುದ್ಧ ಶುರುವಾಯ್ತು. ಮತ್ತೆ ಬರಲಿಲ್ಲ."

"ಕಾಗದ?"

"ಶತ್ರು ದೇಶದ ಕಾಗದ ಯಾರು ಬಿಡ್ತಾರೆ? ಯುದ್ಧ ಮುಗಿದ ಮೇಲೆ ಈ ಫೋಟೋ ಒಂದು ಬಂತು. ಹಿಂದೆ ಒಂದಕ್ಷರ ಇಲ್ಲ. ಬಿಳಿ ಕೋಟು ಹಾಕಿ ಬಿಳಿ ಮುಸುಕಿನವಳೊಬ್ಬಳ ಪಕ್ಕ ನಿಂತಿದ್ದಾರೆ. ಅಲ್ಲಿ ಇನ್ನೊಂದು ಮದುವೆಯಾದ ಅಂತ ಊರೆಲ್ಲ ಹೇಳಿತು. ಅಜ್ಜಿ ಸಾಯುವವರೆಗೆ ಅದನ್ನೇ ನುಂಗಿಕೊಂಡಿದ್ದರು."

ಟೀಚರ್ ಫೋಟೋದ ಮಡಿಚಿದ ಮೂಲೆಯನ್ನು ಬೆರಳಿನಿಂದ ನೇರ ಮಾಡಿದರು.

"ಅಜ್ಜಿಯ ಗೋರಿಗೆ ಹೊಸ ಕಲ್ಲು ಹಾಕಿಸ್ತಾ ಇದ್ದೇನೆ. ಕಲ್ಲುಕುಟಿಗ ನಾಳೆ ಬರ್ತಾನೆ. ಅಜ್ಜನ ಹೆಸರು ಹಾಕುವುದಾ, ಬೇಡವಾ? ಬೇಡ ಅಂತಾದರೆ ಈ ಫೋಟೋ ಇವತ್ತೇ ಹೊಳೆಗೆ."

ಗುರುಗಳು ಎರಡೂ ಮುಖಗಳ ಮೇಲೆ ಬೀಜ ಇಟ್ಟರು. "ಪದ್ಮರಾಜ, ಓದ್ತಾ ಇರು" ಎಂದು ಹೇಳಿ ಮಜ್ಜಿಗೆ ತರಲು ಒಳಗೆ ಹೋದರು.

ಓದಬೇಕಿತ್ತು. ಆದರೆ ಕೈ ಕೇಳಬೇಕಲ್ಲ. ಬೀಜ ಎತ್ತಿ ನೋಡಿಯೇಬಿಟ್ಟ. ಗಂಡಸು ಹೆಂಗಸಿನ ಕಡೆ ವಾಲಿದ್ದ. ಅವಳು ನಗುತ್ತಿದ್ದಳು.

"ಮದುವೆಯದ್ದೇ ಫೋಟೋ, ಟೀಚರ್. ಮುಖದಲ್ಲೇ ಗೊತ್ತಾಗುತ್ತದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಲೋಮಿ ಟೀಚರ್ ಫೋಟೋ ಎತ್ತಿಕೊಂಡು ಎದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಊರವರು ಹೇಳಿದ್ದೂ ಇದನ್ನೇ" ಎಂದು ಹೊಳೆಯ ಕಡೆ ಮೆಟ್ಟಿಲಿಳಿದರು.

ಪದ್ಮರಾಜ ದಡಬಡಿಸಿ ಎದ್ದ. ಅಷ್ಟರಲ್ಲಿ ಗುರುಗಳು ಲೋಟ ಹಿಡಿದು ಹೊರಗೆ ಬಂದರು.

"ಟೀಚರ್ರೆ, ಮಜ್ಜಿಗೆ ಕುಡಿದು ಬಿಸಾಡಿ. ಹೊಳೆ ಎಲ್ಲಿಗೂ ಹೋಗುವುದಿಲ್ಲ."

ಟೀಚರ್ ತಿರುಗಿದರು. ಅಳುವಿನ ನಡುವೆಯೂ ಅವರಿಗೆ ನಗು ಬಂತು. ಬಂದು ಕೂತರು.

ಗುರುಗಳು ಶಿಷ್ಯನನ್ನು ಬೈಯಲಿಲ್ಲ. ಎರಡು ಬೀಜಗಳನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು, ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು.

"ಟೋಪಿಯಿಂದ."

ಪದ್ಮರಾಜ ಬಗ್ಗಿದ.

"ಟೋಪಿಯಲ್ಲಿ ಎರಡು ಬಿಲ್ಲೆ. ಮೇಲಿನದು ಇಡೀ ದೇಶದ್ದು. ಕೆಳಗಿನದು ಅವನ ಸೀಮೆಯದ್ದು. ಅದು ಪೂರ್ತಿ ಕಪ್ಪು."

"ಪೂರ್ತಿ ಕಪ್ಪು ಬಿಲ್ಲೆ ಯಾವ ಸೀಮೆಯದ್ದು?"

"ಯಾವುದರದ್ದೂ ಅಲ್ಲ." ಅವನು ತಡೆದ. "ನಡುವಿನ ಸುತ್ತು ಕೆಂಪು, ಗುರುಗಳೇ. ಕೆಂಪು ಕಪ್ಪಾಗಿದೆ. ಪ್ರಷ್ಯ ಸೀಮೆಯವನಾಗಿದ್ದರೆ ನಡುವೆ ಬಿಳಿ ಕಾಣಬೇಕಿತ್ತು. ಇವರು ವ್ಯೂರ್ಟೆಂಬರ್ಗ್ ಸೀಮೆಯವರು."

"ಅಜ್ಜನ ಊರು ಅದೇ" ಎಂದರು ಟೀಚರ್, ಮೆಲ್ಲಗೆ.

"ಮುಂದೆ."

"ಕೋಟಿಗೆ ಹೆಗಲಪಟ್ಟಿ ಇಲ್ಲ. ದಳದ ಸಂಖ್ಯೆ ಇಲ್ಲ. ಬಟ್ಟೆ ಬಿಳಿ."

"ಬಿಳಿಯಾ?"

ಪದ್ಮರಾಜ ಇನ್ನಷ್ಟು ಬಗ್ಗಿದ. ಕೆಂಪು ಕಪ್ಪಾಗಿದ್ದರೆ, ಬಿಳಿಯಾದದ್ದು ಯಾವುದು? ಭೂತಗನ್ನಡಿಯನ್ನು ಕಾಲರಿನ ಕೆಳಗಿನ ನೆರಳಿಗೆ ಹಿಡಿದ. ಅಲ್ಲಿ ಮಾತ್ರ ತೆಳ್ಳಗೆ ಗೆರೆಗಳಿದ್ದವು, ಒಂದರ ಪಕ್ಕ ಒಂದು.

"ಗೆರೆ ಉಂಟು, ಗುರುಗಳೇ. ತಿಳಿನೀಲಿ ಗೆರೆ. ಇದು ಮದುವೆಯ ಕೋಟಲ್ಲ. ಗಾಯಗೊಂಡ ಸಿಪಾಯಿಗಳಿಗೆ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಅಂಗಿ."

ಸಲೋಮಿ ಟೀಚರ್ ಕೈಯ ಲೋಟ ಕೆಳಗಿಟ್ಟರು.

ಅವನು ಈಗ ಯಾರ ಅಪ್ಪಣೆಗೂ ಕಾಯಲಿಲ್ಲ. "ಈಕೆಯ ತೋಳಪಟ್ಟಿಯಲ್ಲಿ ಕಪ್ಪು ಶಿಲುಬೆ. ಕಪ್ಪಲ್ಲ, ಕೆಂಪು. ದಾದಿ ಇವರು. ಮುಸುಕು ದಾದಿಯರ ತಲೆಬಟ್ಟೆ. ಅಜ್ಜ ಪ್ರೀತಿಯಿಂದ ವಾಲಿದ್ದಲ್ಲ ಟೀಚರ್, ನಿಲ್ಲಲಿಕ್ಕೆ ಆಗದೆ ವಾಲಿದ್ದಾರೆ. ದಾದಿಯ ಬಲಗೈ ಅಜ್ಜನ ಮೊಣಕೈಯ ಅಡಿಯಲ್ಲಿ ಉಂಟು, ಎತ್ತಿ ಹಿಡಿದಿದ್ದಾರೆ. ಆ ಕೈಯಲ್ಲಿ ಉಂಗುರ ಇಲ್ಲ."

"ಅಜ್ಜನ ಕೈಯಲ್ಲಿ?" ಟೀಚರ್ ಕೇಳಿದರು.

"ಉಂಟು. ಬಲಗೈಯಲ್ಲಿ. ಅವರ ಕಡೆ ಮದುವೆಯ ಉಂಗುರ ಬಲಗೈಗೇ ಹಾಕುವುದು."

"ಬಲಗೈ ಅಂತ ಹೇಗೆ ಹೇಳ್ತಿ?" ಗುರುಗಳು ಬಿಡಲಿಲ್ಲ. "ಫೋಟೋ ಕನ್ನಡಿಯ ಹಾಗೆ ತಿರುಗಿ ಬಂದಿದ್ದರೆ?"

"ಗುಂಡಿ ನೋಡಿದೆ. ಗಂಡಸಿನ ಅಂಗಿಗೆ ಇರಬೇಕಾದ ಹಾಗೆ ಬಲಬದಿಯಲ್ಲೇ ಉಂಟು. ತಿರುಗಿಲ್ಲ."

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡರು.

"ಅಜ್ಜಿಯ ಉಂಗುರವೂ ಬಲಗೈಯಲ್ಲೇ ಇತ್ತು. ಗಂಡ ಬಿಟ್ಟುಹೋದರೂ ತೆಗೆಯುವುದಿಲ್ಲ ಅಂತ ಊರವರು ಆಡಿಕೊಳ್ತಿದ್ದರು. ಅಜ್ಜನೂ ತೆಗೆಯಲಿಲ್ಲವಾ? ಅಷ್ಟು ಪೆಟ್ಟು ತಿಂದೂ ತೆಗೆಯಲಿಲ್ಲವಾ?"

"ತೆಗೆಯಲಿಲ್ಲ, ಟೀಚರ್."

"ಯಾವ ದಳದಲ್ಲಿದ್ದರು? ಎಲ್ಲಿ ಪೆಟ್ಟಾಯ್ತು? ಆಮೇಲೆ ಎಂತ ಆಯ್ತು?"

ಪದ್ಮರಾಜನ ನಾಲಿಗೆಯ ತುದಿಗೆ ಒಂದು ಚಂದದ ಕಥೆ ಬಂದಿತ್ತು. ಹಳೆಯ ಪದ್ಮರಾಜನಾಗಿದ್ದರೆ ಹೇಳಿಯೂಬಿಡುತ್ತಿದ್ದ.

"ಗೊತ್ತಿಲ್ಲ" ಎಂದ. "ಆಸ್ಪತ್ರೆಯ ಅಂಗಿಯಲ್ಲಿ ದಳದ ಗುರುತು ಇರುವುದಿಲ್ಲ. ಇಷ್ಟೇ ಇಲ್ಲಿ ಕಾಣುವುದು."

ಅಮ್ಮನ್ನ ಗುರುಗಳು ಅವನನ್ನೇ ನೋಡಿದರು. ಅವನ ಬಾಯಿಂದ ಆ ಮಾತು ಅವರು ಕೇಳಿದ್ದು ಅದೇ ಮೊದಲು. ಅವರು ಚಾಪೆಯ ಮೇಲೆ ಪಕ್ಕಕ್ಕೆ ಸರಿದು, ತಾವು ಇಷ್ಟು ವರ್ಷ ಕೂರುತ್ತಿದ್ದ ಜಾಗವನ್ನು ಅಂಗೈಯಿಂದ ಒರೆಸಿದರು. ಪದ್ಮರಾಜ ಅಲ್ಲಿ ಹೋಗಿ ಕೂತ. ಸಂತೋಷಕ್ಕೆ ಅವನಿಗೆ ಕಣ್ಣೆತ್ತಲು ಆಗಲಿಲ್ಲ.

ಸಲೋಮಿ ಟೀಚರ್ ಫೋಟೋವನ್ನು ಎದೆಗೊತ್ತಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಆಮೇಲೆ ಮುಖ ಒರೆಸಿಕೊಂಡು, ಟೀಚರ್ ಗತ್ತಿನಲ್ಲೇ ನೆಟ್ಟಗೆ ಕೂತರು.

"ಹೆಸರು ಹಾಕಿಸ್ತೇನೆ. ಆದರೆ ಆ ಕಲ್ಲು ಸಣ್ಣದು ಗುರುಗಳೇ, ಅಜ್ಜಿಯೊಬ್ಬರಿಗೆ ಅಂತಲೇ ಕಡಿಸಿದ್ದು. ಅಜ್ಜನ ಹೆಸರು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆಸಿದರೆ ಸಾಕಲ್ಲ?"

ಗುರುಗಳು ಖಾಲಿ ಲೋಟ ಎತ್ತಿಕೊಂಡು ಎದ್ದರು.

"ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆಸಿ, ಟೀಚರ್ರೆ. ಸಾಲದಿದ್ದರೆ ಬೇರೆ ಕಲ್ಲು ತರಲಿ."