ಒಂದೇ ಪೆಟ್ಟಿಗೆ, ಮತ್ತೆ ಮತ್ತೆ

"ಗುರುಗಳೇ, ಸ್ಕ್ಯಾನರಿನಲ್ಲಿ ಎಷ್ಟು ಸೌಲಭ್ಯ ಮುಚ್ಚಬೇಕು, ಎಷ್ಟನ್ನು ತೆರೆದಿಡಬೇಕು?" ಎಂದು ಸುಗುಣಾ ಕೇಳಿದಳು.

ಮೀನಿನ ಶೀತಲ ಗೋದಾಮಿಗೆ ಇನ್ನೂರು ಹೊಸ ಸ್ಕ್ಯಾನರ್‌ಗಳು ಬಂದಿದ್ದವು. ಕೈಯಲ್ಲಿ ಹಿಡಿಯುವ, ಫೋನಿನಂಥ ಯಂತ್ರಗಳು. ಅವಕ್ಕೆ ತಂತ್ರಾಂಶ ತುಂಬಿ, ಮೇಜಿನ ಬಳಿ ಕೂತೇ ಅಷ್ಟನ್ನೂ ಅಂಕೆಯಲ್ಲಿಡುವ ವಿದ್ಯೆಯನ್ನು ಅವಳು ದೂಮಪ್ಪ ಮೇಷ್ಟ್ರ ಬಳಿ ಕಲಿಯುತ್ತಿದ್ದಳು. ಮೊದಲನೆಯದನ್ನು ತಾನೇ ಸಜ್ಜು ಮಾಡಿ ತಂದಿದ್ದಳು.

"ಪೆಟ್ಟಿಗೆಯ ಚೀಟಿ ಓದುವುದೊಂದನ್ನು ಬಿಟ್ಟು ಎಲ್ಲವನ್ನೂ ಮುಚ್ಚಿದ್ದೇನೆ. ನೊಣವೂ ನುಸುಳುವುದಿಲ್ಲ" ಎಂದಳು.

ಮೇಷ್ಟ್ರು ಅದನ್ನು ತಿರುಗಿಸಿ ನೋಡಿದರು. ಶೀತಲ ಕೋಣೆಯ ಬಾಗಿಲಿನ ಎದುರು ಒಂದು ಬೆಂಚಿತ್ತು. ಅಲ್ಲಿ ಕೂತು, "ಕೇಳು" ಎಂದು ಶುರುಮಾಡಿದರು.

ಇಂಥದೇ ಒಂದು ಗೋದಾಮಿನಲ್ಲಿ ಸ್ಕ್ಯಾನರ್ ನೋಡಿಕೊಳ್ಳುವವನೊಬ್ಬನಿದ್ದ. ಕೆಲಸದಲ್ಲಿ ಹುಲಿ, ಹಟದಲ್ಲಿ ಕತ್ತೆ. ಯಾರೋ ಒಬ್ಬ ಕೆಲಸದ ಹೊತ್ತಿನಲ್ಲಿ ಸಿನಿಮಾ ನೋಡಿದನೆಂದು ಎಲ್ಲರ ಯಂತ್ರದಿಂದಲೂ ಸಿನಿಮಾ ತೆಗೆದ. ಸರಿ, ಅದು ನ್ಯಾಯ. ಆಮೇಲೆ ಕರೆಯನ್ನೂ ತೆಗೆದ, ಸಂದೇಶವನ್ನೂ ತೆಗೆದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸ್ವಂತ ಫೋನನ್ನು ಗೇಟಿನಲ್ಲೇ ಇಟ್ಟು ಬರಬೇಕೆಂಬ ನಿಯಮವಂತೂ ಮೊದಲೇ ಇತ್ತು.

ಪೆಟ್ಟಿಗೆ ಜೋಡಿಸುವ ಹೆಂಗಸೊಬ್ಬಳು ಅವನ ಬಳಿ ಬಂದಳು. "ಸಾರ್, ಕರೆ ಒಂದಾದರೂ ಇರಲಿ. ಒಳಗೆ ಒಬ್ಬಳೇ ಇರುತ್ತೇನೆ" ಎಂದಳು.

"ಮೀನಿನ ಜೊತೆ ಏನು ಹರಟೆ, ಅಕ್ಕಾ?" ಎಂದು ಅವನು ನಕ್ಕ. ಅವಳು ಪೆಟ್ಟಿಗೆ ಜೋಡಿಸಲು ತಿರುಗಿ ಹೋದಳು.

ಒಂದು ದಿನ ಅವಳ ಜೊತೆಯವರೆಲ್ಲ ಊಟಕ್ಕೆ ಹೋದ ಹೊತ್ತು. ಶೀತಲ ಕೋಣೆಯ ಬಾಗಿಲು ಅವಳ ಬೆನ್ನ ಹಿಂದೆ ಮುಚ್ಚಿಕೊಂಡಿತು. ತೆರೆಯಲು ಹೋದರೆ ಒಳಗಿನ ಹಿಡಿ ಮುರಿದು ಕೈಗೇ ಬಂತು. ಕೂಗಿದಳು. ಗೇಣು ದಪ್ಪದ ಬಾಗಿಲು, ಯಾರಿಗೆ ಕೇಳಬೇಕು? ಯಂತ್ರದ ಮೇಲೆ ಒತ್ತಬಹುದಾದಲ್ಲೆಲ್ಲ ಒತ್ತಿದಳು. 'ಅನುಮತಿ ಇಲ್ಲ' ಎಂದಿತು. ಅಯ್ಯೋ ಶಿವನೇ, ಜೀವ ಉಳಿಸಿಕೊಳ್ಳುವುದಕ್ಕೂ ಅನುಮತಿಯೇ! ಅವಳಿಗೆ ಅಳು ಒತ್ತರಿಸಿ ಬಂತು. ಮಾರನೆಯ ದಿನ ಮಗಳ ಸೀಮಂತವಿತ್ತು. "ಮಗಳ ಮಡಿಲು ತುಂಬದೆ ಸಾಯುವವಳಲ್ಲ ನಾನು" ಎಂದು ಹಲ್ಲು ಕಚ್ಚಿದಳು.

ಯಂತ್ರಕ್ಕೆ ಬರುತ್ತಿದ್ದುದು ಒಂದೇ ಕೆಲಸ. ಅವಳು ಅದನ್ನೇ ಹಿಡಿದಳು. ಎದುರಿಗಿದ್ದ ಬಂಗುಡೆ ಪೆಟ್ಟಿಗೆಯ ಚೀಟಿಯನ್ನು ಮೂರು ಸಲ ಓದಿಸಿದಳು. ನಿಲ್ಲಿಸಿದಳು. ಮತ್ತೆ ಮೂರು ಸಲ. ಬೆರಳು ಮರಗಟ್ಟಿದಾಗ ಅಂಗೈಯಿಂದ ಗುಂಡಿ ಒತ್ತಿದಳು. ಅದೂ ಆಗದಾದಾಗ ಯಂತ್ರವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಮೊಣಕೈಯಿಂದ ಒತ್ತಿದಳು. ಹಿಡಿದ ಪಟ್ಟು ಬಿಡಲಿಲ್ಲ.

ಇತ್ತ ಮೇಜಿನ ಬಳಿ ಕೂತಿದ್ದ ಆ ಸ್ಕ್ಯಾನರಿನವನ ಪರದೆಯಲ್ಲಿ ಒಂದೇ ಪೆಟ್ಟಿಗೆ ಮತ್ತೆ ಮತ್ತೆ ಬಂತು. "ಹಾಳಾದ್ದು, ಕೆಟ್ಟಿದೆ" ಎಂದುಕೊಂಡ. ಕೆಟ್ಟ ಯಂತ್ರವನ್ನು ಕೂತಲ್ಲಿಂದಲೇ ಮುಚ್ಚಿಬಿಡುವುದು ಅವನ ಪದ್ಧತಿ. ಮುಚ್ಚಲು ಬೆರಳೂ ಎತ್ತಿದ. ಅಷ್ಟರಲ್ಲಿ ಪರದೆಯಲ್ಲಿದ್ದ ವೇಳೆಯ ಸಾಲು ಕಣ್ಣಿಗೆ ಬಿತ್ತು. ಮೂರು ಸಲ, ಬಿಡುವು. ಮೂರು ಸಲ, ಬಿಡುವು. ಕೆಟ್ಟ ಯಂತ್ರ ಬಡಬಡಿಸೀತೇ ಹೊರತು ಹೀಗೆ ಬಾಗಿಲು ತಟ್ಟಿ ಕಾಯುವುದಿಲ್ಲ. ಅವನು ಶೀತಲ ಕೋಣೆಯತ್ತ ಎದ್ದೋಡಿದ.

ಅವಳು ಉಳಿದಳು. ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಮಗಳ ಮಡಿಲನ್ನು ಎಡಗೈಯಲ್ಲಿ ತುಂಬಿದಳು, ಅದೂ ತಿಂಗಳು ಕಳೆದ ಮೇಲೆ.

ಮೇಷ್ಟ್ರು ಕತೆ ನಿಲ್ಲಿಸಿದರು.

ಸುಗುಣಾ ನಿಟ್ಟುಸಿರು ಬಿಟ್ಟಳು. "ಹಾಗಾದರೆ ಕರೆ ಒಂದನ್ನು ತೆರೆದಿಡುತ್ತೇನೆ. ಅಷ್ಟು ಸಾಕಲ್ಲವೇ, ಗುರುಗಳೇ?"

ಮೇಷ್ಟ್ರು ಅವಳ ಸ್ಕ್ಯಾನರನ್ನು ಅವಳ ಕೈಗೇ ಕೊಟ್ಟರು. ಎದ್ದು ಹೋಗಿ ಶೀತಲ ಕೋಣೆಯ ಬಾಗಿಲು ತೆರೆದು ಹಿಡಿದರು.

"ಸಾಕೋ ಸಾಲದೋ ಒಳಗೆ ಹೋಗಿ ನೋಡು, ಬಾಗಿಲು ನಾನು ಹಾಕುತ್ತೇನೆ."