ಎಸ್ತೇರಮ್ಮನ ಸಂಘ ಕೊಟ್ಟ ಹೊಲಿಗೆ ಮಷಿನ್

"ಅಯ್ಯನವರೇ, ಬೇರೆ ದೇಶದಿಂದ ಬಂದ ಹುಡುಗಿಯೊಬ್ಬಳು ಓದಬೇಕು ಎಂದರೆ, ಚರ್ಚಿನ ಹೆಂಗಸರು ಅವಳಿಗೆ ಮೊದಲು ಏನು ಕೊಡಬೇಕು?" ಎಂದು ಶಿಷ್ಯೆ ಕೇಳಿದಳು. ತನ್ನ ಊರಿನ ಸ್ತ್ರೀಯರ ಸಂಘಕ್ಕೆ ಅವಳು ಹೊಸದಾಗಿ ಕಾರ್ಯದರ್ಶಿಯಾಗಿದ್ದಳು. ಅವಳಿಗೆ ಬೈಬಲ್ ಕಲಿಸಿದ್ದ ಚರ್ಚಿನ ಮುದಿ ಉಪದೇಶಿಗಳು ಕನ್ನಡಕ ತೆಗೆದು ಒರೆಸಿಕೊಂಡು ಒಂದು ಕತೆ ಹೇಳಿದರು.

ಗದಗಿನ ಕಡೆಯ ಒಂದು ಊರಿನಲ್ಲಿ ಇಂಥದೇ ಒಂದು ಸಂಘವಿತ್ತು. ಎಸ್ತೇರಮ್ಮ ಅದರ ಅಧ್ಯಕ್ಷೆ. ಬಹಳ ಧಾರಾಳ ಮನಸ್ಸಿನವರು, ಆದರೆ ಆ ಧಾರಾಳಕ್ಕೆ ಒಂದೇ ಆಕಾರ. ಕಷ್ಟ ಎಂದು ಯಾರು ಬಂದರೂ ಸಂಘ ಒಂದು ಹೊಲಿಗೆ ಮಷಿನ್ ಕೊಡುತ್ತಿತ್ತು. ಗಂಡ ಬಿಟ್ಟವಳಿಗೂ ಮಷಿನ್, ಮದುವೆಯಾಗದವಳಿಗೂ ಮಷಿನ್. ಒಮ್ಮೆ ಕಣ್ಣು ಕಾಣದ ಮುದುಕಿಯೊಬ್ಬಳ ಮನೆಗೂ ಮಷಿನ್ ಹೋಗಿತ್ತು. ಮೂವತ್ತು ವರ್ಷ ಹೀಗೇ ನಡೆದಿತ್ತು, ಯಾರೂ ಬೇಡ ಎಂದಿರಲಿಲ್ಲ. ಹನ್ನೊಂದು ಮಂದಿ ಹೆಂಗಸರು ಹಾಡು ಹೇಳುತ್ತ ಬಾಗಿಲಿಗೆ ಬಂದು ನಿಂತರೆ ಬೇಡ ಎನ್ನುವ ಎದೆಗಾರಿಕೆ ಯಾರಿಗಿದೆ?

ಚರ್ಚಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ ಹಿಡಿದು ನೇಪಾಳದ ಒಂದು ಕುಟುಂಬವಿತ್ತು. ಬಂದು ಎರಡು ವರ್ಷವಾಗಿತ್ತು. ಮಗಳು ಮನ್‌ಮಾಯಾಗೆ ಹತ್ತೊಂಬತ್ತು. ಓಣಿಯ ಮಾತು ಆಗಲೇ ಅವಳ ನಾಲಗೆಗೆ ಹತ್ತಿತ್ತು. ಊರು ಬಿಡುವಾಗ ಅರ್ಧಕ್ಕೆ ನಿಂತ ಓದು ಮುಗಿಸಿ, ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕೆಂಬುದು ಅವಳ ಆಸೆ. ಈ ಸಲ ಪಾಸಾಗದಿದ್ದರೆ ಪುಸ್ತಕ ಮುಚ್ಚಿ ಮದುವೆಯಾಗಬೇಕು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ಅವಳು ಎಸ್ತೇರಮ್ಮನ ಮುಂದೆ ನಿಂತು, ತಾನು ಓದಬೇಕು ಎಂದಳು. ಎಸ್ತೇರಮ್ಮನಿಗೆ ಕರುಳು ಚುರುಕ್ಕೆಂದಿತು. ಮರುವಾರವೇ ಮಷಿನ್ ಬಂತು.

ಕೆಲವು ದಿನ ಕಳೆದ ಮೇಲೆ ಓಣಿಯವರು ಸುದ್ದಿ ತಂದರು. ಆ ಹುಡುಗಿಯ ಮಷಿನ್ ಬೆಳಗಿನಿಂದ ಸಂಜೆಯ ತನಕ ಒಂದೇ ಸಮನೆ ಸದ್ದು ಮಾಡುತ್ತದಂತೆ. ಎಸ್ತೇರಮ್ಮ ಹಿಗ್ಗಿ ಹೀರೇಕಾಯಿಯಾದರು. ತಮ್ಮದೂ ಒಂದು ಜಂಪರ್ ಹೊಲಿಸೋಣವೆಂದು ಬಟ್ಟೆ ಬಗಲಲ್ಲಿಟ್ಟುಕೊಂಡು ಹೊರಟರು.

ಬಾಗಿಲಲ್ಲಿ ನಿಂತು ನೋಡಿದರೆ ಮಷಿನ್ನೇ ಕಾಣಲಿಲ್ಲ. ಹುಡುಗಿ ಅದನ್ನು ಕೆಳಗೆ ಮಡಚಿ, ಮೇಲೆ ಹಲಗೆ ಮುಚ್ಚಿ, ಪುಸ್ತಕ ಹರವಿಕೊಂಡು ಬರೆಯುತ್ತಿದ್ದಳು. ಬರೆಯುವ ಭರದಲ್ಲಿ ಅವಳ ಕಾಲು ತಾನಾಗಿ ಪೆಡಲ್ ತುಳಿಯುತ್ತಿತ್ತು. ಓಣಿಯವರು ಕೇಳಿದ ಸದ್ದು ಅದರದೇ.

ಎಸ್ತೇರಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಹೊಲಿಯಾಕ ಕೊಟ್ಟರ ಇದೇನ್ ನಡಿಸೀಯವಾ?"

ಹುಡುಗಿ ಎದ್ದು, ಹಲಗೆಯ ಮೇಲೆ ಎರಡೂ ಕೈ ಊರಿ ನಿಂತಳು. "ಇದನ್ನ ಒಯ್ಯಬ್ಯಾಡ್ರಿ ಅಮ್ಮಾರ. ನಮ್ಮನ್ಯಾಗ ಕುಂತು ಬರಿಯಾಕ ಇದೊಂದ ಜಾಗಾ ಐತ್ರಿ."

ಎಸ್ತೇರಮ್ಮ ಕೋಣೆಯನ್ನು ನೋಡಿದರು. ಐದು ಮಂದಿಯ ಹಾಸಿಗೆ, ಒಲೆ, ನೀರಿನ ಕೊಡ. ಸಿಟ್ಟು ಇಳಿದು ನಾಚಿಕೆ ಬಂತು. ಆಮೇಲೆ ತಡೆಯಲಾರದಷ್ಟು ನಗು ಬಂತು. ಅಲ್ಲೇ ಸ್ಟೂಲಿನ ಮೇಲೆ ಕುಳಿತು, ಮೂವತ್ತು ವರ್ಷದಲ್ಲಿ ಯಾರನ್ನೂ ಕೇಳದ ಮಾತನ್ನು ಕೇಳಿದರು. "ನಿನಗ ಏನ್ ಬೇಕಾಗೇತವಾ?"

"ಮೇಜಂತೂ ಆತ್ರಿ. ಗಣಿತ ಹೇಳಿಕೊಡೋರು ಬೇಕ್ರಿ."

ಮುಂದಿನ ಕೂಟದಲ್ಲಿ ಎಸ್ತೇರಮ್ಮ ಇದನ್ನು ಹೇಳಿದಾಗ, ಮೂಲೆಯಲ್ಲಿ ಚಹಾ ಸೋಸುತ್ತಿದ್ದ ಸುಗಂಧಮ್ಮ ಪಾತ್ರೆ ಕೆಳಗಿಟ್ಟರು. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಸಂಘಕ್ಕೆ ಸೇರಿದ ದಿನ ಯಾರೋ ಚಹಾ ಮಾಡಲು ಹೇಳಿದ್ದರು, ಅಂದಿನಿಂದ ಮಾಡುತ್ತಲೇ ಇದ್ದರು. ಅವರನ್ನೂ ಯಾರೂ ಏನೂ ಕೇಳಿರಲಿಲ್ಲ.

ಪರೀಕ್ಷೆಯ ತನಕ ದಿನಾ ಮಧ್ಯಾಹ್ನ ಮಷಿನ್ನಿನ ಒಂದು ಬದಿಗೆ ಸುಗಂಧಮ್ಮ, ಇನ್ನೊಂದು ಬದಿಗೆ ಮನ್‌ಮಾಯಾ ಕುಳಿತರು. ಸಂಘದವರು ಚಹಾ ತಾವೇ ಮಾಡಿಕೊಂಡರು, ಅದು ಬಾಯಿಗೆ ಇಡುವ ಹಾಗಿರಲಿಲ್ಲ. ಮನ್‌ಮಾಯಾ ಪಾಸಾದಳು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದ.

ಇಷ್ಟು ಹೇಳಿ ಉಪದೇಶಿಗಳು ಕನ್ನಡಕ ಹಾಕಿಕೊಂಡರು. ಶಿಷ್ಯೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸದ್ಯ, ನಮ್ಮ ಸಂಘ ಹಾಗಿಲ್ಲ ಅಯ್ಯನವರೇ. ಹೋದ ತಿಂಗಳು ಬರ್ಮಾದಿಂದ ಒಬ್ಬ ಹುಡುಗಿ ಬಂದಳು. ನಾವು ಮಷಿನ್ ಗಿಷಿನ್ ಎನ್ನಲೇ ಇಲ್ಲ. ನೇರವಾಗಿ ನರ್ಸಿಂಗ್ ಶಾಲೆಯಲ್ಲಿ ಸೀಟು ಗೊತ್ತು ಮಾಡಿಬಿಟ್ಟೆವು. ಸೋಮವಾರ ಹೋಗಿ ಅವಳಿಗೆ ಹೇಳುವುದೊಂದೇ ಬಾಕಿ."

"ಒಳ್ಳೆಯದು ಮಗಳೇ," ಎಂದರು ಉಪದೇಶಿಗಳು, "ಅವಳಿಗೆ ಏನು ಓದುವ ಆಸೆಯಂತೆ?"

ಶಿಷ್ಯೆ ನಗು ನಿಲ್ಲಿಸಿ, ಅದನ್ನು ಅವಳನ್ನೇ ಕೇಳಿ ಬರಲು ಚಪ್ಪಲಿ ಮೆಟ್ಟಿಕೊಂಡು ಹೊರಟಳು.