ಕಲ್ಲಿಗೆ ಬಿಡದ ಗಾಳ

ಹೊಳೆದಂಡೆಯಲ್ಲಿ ಜವರಯ್ಯ ಎಂಬ ಗುರು ಗಾಳದ ವಿದ್ಯೆ ಕಲಿಸುತ್ತಿದ್ದ. ನೀರಿನ ತಳದಲ್ಲಿ ಕಲ್ಲಿಗಂಟಿ ಬದುಕುವ ಮರಿಹುಳದಂತೆ ಕಾಣಲು ಗಾಳಕ್ಕೆ ನೂಲು, ಗರಿ ಸುತ್ತಬೇಕು. ಹುಳವೆಂದು ನಂಬಿ ಮೀನು ಬಾಯಿ ಹಾಕಬೇಕು. ವಿದ್ಯೆ ಇಷ್ಟೇ.

ಕಲಿತನೆಂದು ಒಪ್ಪಿದ ಶಿಷ್ಯನಿಗೆ ಗುರು ಒಂದು ಮಡು ಬಿಟ್ಟುಕೊಡುತ್ತಿದ್ದ. ಅಲ್ಲಿ ಬೇರೆ ಯಾರೂ ಗಾಳ ಹಾಕುವಂತಿಲ್ಲ.

ಆ ವರ್ಷ ಮಡು ಸಿಕ್ಕಿದ್ದು ಕುಳ್ಳೀರನಿಗೆ. ಇನ್ನೊಬ್ಬ ಶಿಷ್ಯ ರಾಚಪ್ಪ ಕೆಂಡವಾದ.

"ಅವನು ಕಟ್ಟೋ ಗಾಳ ನೋಡಿದ್ದೀರಾ ಗುರುಗಳೇ? ಬೆಕ್ಕು ಕಕ್ಕಿದ ಹಾಗಿರ್ತದೆ!"

"ನೋಡಿದ್ದೀನಿ. ಹಾಗೇ ಇರ್ತದೆ."

"ಅವನು ಬಂದು ಒಂದು ವರ್ಷ ಆಗಿಲ್ಲ. ನಾನು ನಾಲ್ಕು ವರ್ಷದಿಂದ ಈ ಹೊಳೆಯಲ್ಲಿ ಮೊಣಕಾಲು ನೆನೆಸ್ತಿದ್ದೀನಿ. ಯಾವ ನ್ಯಾಯ ಇದು?"

ರಾಚಪ್ಪ ತಾನು ಕಟ್ಟಿದ ಗಾಳಗಳ ಡಬ್ಬಿ ತೆರೆದು ಗುರುವಿನ ಮೂಗಿಗೇ ಹಿಡಿದ. ಸುಳ್ಳು ಹೇಳಬಾರದು, ಮಾಲು ಅಂದರೆ ಅದು ಮಾಲು. ನವಿಲುಗರಿಯ ಎಳೆ, ತಾಮ್ರದ ತಂತಿಯ ಸುತ್ತು, ಹುಳದ ಕಾಲು ಕೂಡ ಸರಿಯಾಗಿ ಆರು.

"ಈ ವರ್ಷ ಎಷ್ಟು ಗಾಳ ಕಳೆದೆ?"

"ಒಂದೂ ಇಲ್ಲ!" ರಾಚಪ್ಪ ಎದೆಯುಬ್ಬಿಸಿದ.

"ಕುಳ್ಳೀರ?"

"ಆ ದಂಡಪಿಂಡ ದಿನಾ ಕಲ್ಲುಸಂದಿಗೆ ಸಿಕ್ಕಿಸಿ ಕಿತ್ಕೊಂಡು ಬರ್ತಾನೆ."

"ಮೀನು?"

"ಸಿಗ್ತದೆ. ಅವನ ಅದೃಷ್ಟ."

ಗುರು ಡಬ್ಬಿಯಿಂದ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ, ತನ್ನ ಕೋಲಿನ ದಾರಕ್ಕೆ ಕಟ್ಟಿ ನೀರಿಗೆ ಎಸೆದ. ಅದು ತಳಕ್ಕಿಳಿದು, ಕಲ್ಲುಗಳ ಮೇಲೆ ಉರುಳಿ, ಎಲ್ಲೋ ಸಿಕ್ಕಿಕೊಂಡಿತು. ಗುರು ಜಗ್ಗಿದ. ದಾರ ತುಂಡಾಯಿತು.

"ಅಯ್ಯೋ! ಮೂರು ದಿನ ಕೂತು ಕಟ್ಟಿದ್ದು ಅದು!"

"ಯಾರಿಗೆ?" ಎನ್ನುತ್ತ ಗುರು ಎರಡನೆಯದನ್ನು ಕಟ್ಟಿದ. ಅದೂ ಕಲ್ಲಿನ ಪಾಲಾಯಿತು.

"ಇದು ಪಾಠ ಅಲ್ಲ, ಲೂಟಿ!" ರಾಚಪ್ಪ ಕೋಲನ್ನು ಕಿತ್ತುಕೊಂಡ. "ನನ್ನ ಸರಕನ್ನ ನಾನೇ ಹಾಳು ಮಾಡ್ಕೋತೀನಿ, ನಿಮಗ್ಯಾಕೆ ಶ್ರಮ?"

ಸಿಟ್ಟಿನಲ್ಲಿ ಮೂರನೆಯದನ್ನು ಎಸೆದ. ಗಾಳ ಹಾಳಾದೀತೆಂದು ಯಾವಾಗಲೂ ತಳ ಮುಟ್ಟುವ ಮೊದಲೇ ಮೇಲೆತ್ತುತ್ತಿದ್ದವನು ಅವತ್ತು ಎತ್ತಲಿಲ್ಲ. ಹಾಳಾಗಲಿ ಅಂತಲೇ ಬಿಟ್ಟ.

ನೀರಿನ ಜೊತೆ ಸಾಗುತ್ತಿದ್ದ ದಾರ ತಟ್ಟನೆ ನಿಂತಿತು.

"ನೋಡಿ, ಇದೂ ಕಲ್ಲಿಗೇ ಹೋಯ್ತು!" ಎಂದು ಜಗ್ಗಿದ.

ಕಲ್ಲು ಓಡಿತು.

ಕೋಲು ಬಿಲ್ಲಾಗಿ ಬಾಗಿತು. ತೊಡೆಗಾತ್ರದ ಬಿಳಿಮೀನು ಒಮ್ಮೆ ನೀರಿನ ಮೇಲೆ ಹೊರಳಿ, ಬಾಲ ಬಡಿದು, ದಾರ ಹರಿದುಕೊಂಡು ಹೋಯಿತು.

ರಾಚಪ್ಪ ನೀರಿನಲ್ಲೇ ಕುಸಿದು ತಲೆ ಹಿಡಿದುಕೊಂಡ.

"ಹೋಯ್ತಲ್ಲ ಗುರುಗಳೇ! ಎಂಥಾ ಗಾಳ ಹೋಯ್ತು!"

ಗುರು ಡಬ್ಬಿಯ ಮುಚ್ಚಳ ಹಾಕಿ ಅವನ ಕೈಗಿಟ್ಟ.

"ಎಂಥಾ ಮೀನು ಹೋಯ್ತು ಅಂತ ಅಳೋ ದಿನ ಬಾ. ಮಡು ಕೊಡ್ತೀನಿ."